ರೆಂಡರ್‌ಗೆ ಹಾಕಿ ಮನೆಗೆ ಹೋಗುವ ಕಾಲ ಮುಗೀತಾ? ಗೇಮ್ ಎಂಜಿನ್‌ನಲ್ಲಿ ಸಿನಿಮಾ ಮಾಡುವ ಕಥೆ

ಹದಿನೈದು ವರ್ಷದ ಹಿಂದೆ ಬೆಂಗಳೂರಿನ ಒಂದು ಸಣ್ಣ ಅನಿಮೇಷನ್ ಸ್ಟುಡಿಯೋದಲ್ಲಿ ಲೈಟಿಂಗ್ ಕೆಲಸ ಮಾಡುತ್ತಿದ್ದೆ. ಒಂದು ಶಾಟ್ ಈಗಲೂ ನೆನಪಿದೆ. ಅಜ್ಜಿ ಲಾಟೀನು ಹಿಡಿದು ನಡುಮನೆಯಿಂದ ಜಗಲಿಗೆ ಬರುತ್ತಾಳೆ. ಐದೇ ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 120 ಚಿತ್ರ. ಒಂದೊಂದು ಚಿತ್ರ ಮೂಡಲು ಸುಮಾರು 40 ನಿಮಿಷ. ಹತ್ತು ಕಂಪ್ಯೂಟರ್‌ಗೆ ಹಂಚಿ ಹಾಕಿದರೂ ಎಂಟು ಗಂಟೆ ಬೇಕು. ಹಾಗಾಗಿ ಸಂಜೆ ರೆಂಡರ್‌ಗೆ ಹಾಕಿ, ಅಂದರೆ ಚಿತ್ರ ಮೂಡಿಸುವ ಕೆಲಸ ಕಂಪ್ಯೂಟರ್‌ಗೆ ಒಪ್ಪಿಸಿ, ಮನೆಗೆ ಹೋಗುವುದು, ಬೆಳಿಗ್ಗೆ ಬಂದು ನೋಡುವುದು.

ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ಮೇಲಿನ ನೆರಳು ಪಟಪಟ ಮಿನುಗುತ್ತಿತ್ತು. ಸ್ಟುಡಿಯೋದಲ್ಲಿ ಇದಕ್ಕೆ ಫ್ಲಿಕ್ಕರ್ ಅನ್ನುತ್ತೇವೆ. ಒಂದು ಸೆಟ್ಟಿಂಗ್ ಬದಲಿಸಿದೆ. ಮತ್ತೆ ಸಂಜೆ, ಮತ್ತೆ ರೆಂಡರ್, ಮತ್ತೆ ಬೆಳಿಗ್ಗೆ. ಫ್ಲಿಕ್ಕರ್ ಹೋಗಿತ್ತು. ಅಷ್ಟರಲ್ಲಿ ಡೈರೆಕ್ಟರ್ ಬಂದು ನೋಡಿ, "ಲಾಟೀನು ಬಲಗೈಯಲ್ಲಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?" ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬಲಗೈಯಲ್ಲಿದ್ದರೆ ಬೆಳಕು ಅಜ್ಜಿಯ ಮುಖಕ್ಕೆ ಬೀಳುತ್ತಿತ್ತು. ಆದರೆ ಅದು ಅವರಿಗೆ ಹೊಳೆದದ್ದು ಮೂರನೇ ದಿನ. ಆ ಹೊತ್ತಿಗೆ ಅಜ್ಜಿಯನ್ನು ನಡೆಸಿದ ಅನಿಮೇಟರ್ ಬೇರೆ ಎಪಿಸೋಡ್ ಹಿಡಿದು ಕೂತಿದ್ದ. ಲಾಟೀನು ಎಡಗೈಯಲ್ಲೇ ಉಳಿಯಿತು.

ಈಗ ಇಂಥ ಶಾಟನ್ನು ಗೇಮ್ ಎಂಜಿನ್‌ನಲ್ಲಿ, ಅಂದರೆ ವಿಡಿಯೋ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಮಾಡುತ್ತಾರೆ. ಲಾಟೀನು ಅತ್ತ ಸರಿಸಿದರೆ ಬೆಳಕೂ ಕೂಡಲೇ ಅತ್ತ ಸರಿಯುತ್ತದೆ. ಇದನ್ನು ಎಲ್ಲರೂ 'ಫಾಸ್ಟ್ ರೆಂಡರಿಂಗ್' ಅಂತ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಬಲಗೈ ವಿಷಯ. ಡೈರೆಕ್ಟರ್‌ಗೆ ಮೂರನೇ ದಿನ ಹೊಳೆಯುತ್ತಿದ್ದದ್ದು ಈಗ ಮೊದಲ ದಿನ, ಎಲ್ಲರೂ ಇನ್ನೂ ಕೋಣೆಯಲ್ಲಿ ಇರುವಾಗಲೇ ಹೊಳೆಯುತ್ತದೆ. ಉಳಿದ ಬದಲಾವಣೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಒಂದು ಚಿತ್ರಕ್ಕೆ ಅಷ್ಟು ಹೊತ್ತು ಯಾಕೆ?

ಕಂಪ್ಯೂಟರ್ ಒಳಗಿನ ಅಜ್ಜಿ ಅಂದರೆ ಸಾವಿರಾರು ಸಣ್ಣ ತ್ರಿಕೋನಗಳನ್ನು ಹೆಣೆದು ಮಾಡಿದ ಒಂದು ಬಲೆ. ಅದರ ಮೇಲೆ ಚರ್ಮ ಹೇಗೆ ಹೊಳೆಯಬೇಕು, ಸೀರೆ ಹೇಗೆ ಮಾಸಿರಬೇಕು ಅನ್ನುವ ವಿವರ. ಆಮೇಲೆ ದೀಪಗಳು. ಕೊನೆಗೆ ಒಂದು ಕ್ಯಾಮೆರಾ. ಇಷ್ಟೂ ಸೇರಿ ಒಂದು ಸೀನ್. ಆ ಕ್ಯಾಮೆರಾಕ್ಕೆ ಏನು ಕಾಣುತ್ತದೆ ಅಂತ ಲೆಕ್ಕ ಹಾಕಿ ಚಿತ್ರ ಮಾಡುವುದೇ ರೆಂಡರಿಂಗ್.

ಸಾಧಾರಣ ಎಚ್‌ಡಿ ಚಿತ್ರದಲ್ಲಿ ಉದ್ದಕ್ಕೆ 1920, ಎತ್ತರಕ್ಕೆ 1080 ಚುಕ್ಕಿ. ಒಟ್ಟು 20,73,600. ಪ್ರತಿಯೊಂದಕ್ಕೂ ಬಣ್ಣ ಹುಡುಕಬೇಕು. ನಿಜವಾದ ಮನೆಯಲ್ಲಿ ಲಾಟೀನಿನ ಬೆಳಕು ಗೋಡೆಗೆ ಬಡಿದು, ಅಲ್ಲಿಂದ ನೆಲಕ್ಕೆ ಚಿಮ್ಮಿ, ಸೀರೆಯ ಕೆಂಪನ್ನು ಒಂಚೂರು ಹೊತ್ತುಕೊಂಡು ನಮ್ಮ ಕಣ್ಣಿಗೆ ಬರುತ್ತದೆ. ಸಿನಿಮಾದ ರೆಂಡರರ್ ಈ ದಾರಿಯನ್ನು ಹಿಂದುಮುಂದಾಗಿ ಹಿಡಿಯುತ್ತದೆ. ಕ್ಯಾಮೆರಾದಿಂದ ಒಂದು ಕಿರಣ ಬಿಡುತ್ತದೆ. ಅದು ಎಲ್ಲಿ ಬಡಿಯಿತು, ಅಲ್ಲಿಂದ ಎತ್ತ ಚಿಮ್ಮಿತು, ಕೊನೆಗೆ ದೀಪಕ್ಕೆ ಸೇರಿತಾ ಅಂತ ನೋಡುತ್ತದೆ. ಒಂದು ಕಿರಣ ಸಾಲುವುದಿಲ್ಲ. ಪ್ರತಿ ಚುಕ್ಕಿಗೂ ನೂರಾರು ಬೇಕು. ಕಡಿಮೆ ಬಿಟ್ಟರೆ ಚಿತ್ರದ ಮೇಲೆ ರವೆ ಎರಚಿದ ಹಾಗೆ ಕಾಣುತ್ತದೆ. ಈ ವಿಧಾನದ ಹೆಸರು ಪಾತ್ ಟ್ರೇಸಿಂಗ್.

1995ರಲ್ಲಿ ಪಿಕ್ಸಾರ್ 'ಟಾಯ್ ಸ್ಟೋರಿ' ಮಾಡಿದಾಗ ಹಿಂದಿನ ತಲೆಮಾರಿನ ಇನ್ನೂ ಸರಳ ವಿಧಾನಗಳಿದ್ದವು. ಆದರೂ 1,14,240 ಫ್ರೇಮ್‌ಗಳಿಗೆ 117 ಕಂಪ್ಯೂಟರ್‌ಗಳು ಹಗಲೂ ರಾತ್ರಿ ದುಡಿದವು. ಒಂದು ಫ್ರೇಮಿಗೆ 45 ನಿಮಿಷದಿಂದ 30 ಗಂಟೆಯವರೆಗೆ ಹಿಡಿಯಿತು. ಆಮೇಲೆ ಕಂಪ್ಯೂಟರ್‌ಗಳ ವೇಗ ಎಷ್ಟೋ ಪಟ್ಟು ಹೆಚ್ಚಿತು. ಕಾಯುವ ಹೊತ್ತು ಮಾತ್ರ ಅಷ್ಟೇ ಉಳಿಯಿತು. ಗ್ರಾಫಿಕ್ಸ್ ವಿಜ್ಞಾನಿ ಜಿಮ್ ಬ್ಲಿನ್ ಅವರ ಹೆಸರಿನಲ್ಲಿ ಇದಕ್ಕೊಂದು ನಿಯಮವೇ ಇದೆ: ಯಂತ್ರ ಎಷ್ಟೇ ವೇಗವಾದರೂ ಒಂದು ಫ್ರೇಮಿಗೆ ಹಿಡಿಯುವ ಸಮಯ ಬದಲಾಗುವುದಿಲ್ಲ. ಯಾಕೆಂದರೆ ವೇಗ ಸಿಕ್ಕಿದ ಕೂಡಲೇ ಕಲಾವಿದರು ಇನ್ನಷ್ಟು ಕೂದಲು, ಇನ್ನಷ್ಟು ಎಲೆ, ಇನ್ನಷ್ಟು ದೀಪ ತುಂಬುತ್ತಾರೆ. ರಸ್ತೆ ಅಗಲ ಮಾಡಿದಷ್ಟೂ ಗಾಡಿ ಬರುವುದನ್ನು ಸಿಲ್ಕ್ ಬೋರ್ಡ್ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಯುವಷ್ಟು ಪುರುಸೊತ್ತಿಲ್ಲದವರು

ಗೇಮ್ ಮಾಡುವವರಿಗೆ ಈ ಸುಖ ಇರಲಿಲ್ಲ. ಆಟಗಾರ ಗುಂಡಿ ಒತ್ತಿದರೆ ಆಗಲೇ ಚಿತ್ರ ಬದಲಾಗಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಸಿನಿಮಾದ 24ರ ಲೆಕ್ಕ ಹಿಡಿದರೂ ಸುಮಾರು 42 ಮಿಲಿಸೆಕೆಂಡ್. ನನ್ನ ಅಜ್ಜಿಯ ಫ್ರೇಮಿನ 40 ನಿಮಿಷಕ್ಕೆ ಹೋಲಿಸಿದರೆ 57,600 ಪಟ್ಟು ಬೇಗ. ಇಷ್ಟು ಬೇಗ ಹೇಗೆ ಸಾಧ್ಯ? ಒಂದು ಪಾಲು ಯಂತ್ರದ್ದು. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಪುಟ್ಟ ಲೆಕ್ಕಿಗರು ಒಟ್ಟಿಗೆ ಕೆಲಸ ಮಾಡುತ್ತಾರೆ. ಇನ್ನೊಂದು ಪಾಲು, ಅಂದವಾಗಿ ಸುಳ್ಳು ಹೇಳುವ ಕಲೆ.

ಗೇಮ್ ಎಂಜಿನ್ ಅಂದರೆ ಒಂದು ಗೇಮ್ ಅಲ್ಲ, ಗೇಮ್ ಕಟ್ಟುವವರು ಬಳಸುವ ದೊಡ್ಡ ಸಲಕರಣೆ ಪೆಟ್ಟಿಗೆ. ಚಿತ್ರ ಮೂಡಿಸುವುದು, ಬಿದ್ದ ಚೆಂಡು ಪುಟಿಯುವುದು, ಸದ್ದು ಕೇಳಿಸುವುದು ಎಲ್ಲ ಅದರೊಳಗೇ ಇರುತ್ತದೆ. ಎಪಿಕ್ ಗೇಮ್ಸ್‌ನ ಅನ್‌ರಿಯಲ್ ಎಂಜಿನ್ ಮತ್ತು ಯೂನಿಟಿ ಇವುಗಳಲ್ಲಿ ಹೆಚ್ಚು ಹೆಸರಾದವು.

ಇಂಥ ಎಂಜಿನ್ ಬೆಳಕಿನ ಬೆನ್ನು ಹತ್ತಿ ಹೋಗುವುದಿಲ್ಲ. ತೊಗಲು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದ ಹಾಗೆ, ಸೀನಿನ ತ್ರಿಕೋನಗಳನ್ನು ನೇರವಾಗಿ ಪರದೆಯ ಮೇಲೆ ಚಪ್ಪಟೆ ಮಾಡಿ ಇಡುತ್ತದೆ. ಯಾವುದು ಮುಂದಿದೆಯೋ ಅದರ ಬಣ್ಣ ತುಂಬುತ್ತದೆ. ಇದು ರಾಸ್ಟರೈಸೇಷನ್. (ಹಾಗೆ ನೋಡಿದರೆ ತೊಗಲು ಗೊಂಬೆಯವರು ಯಾವತ್ತಿನಿಂದಲೂ ರಿಯಲ್ ಟೈಮ್. ಗೊಂಬೆಯ ಕೈ ಎತ್ತಿದರೆ ಆಗಲೇ ಪರದೆಯಲ್ಲಿ ಕಾಣುತ್ತದೆ, ಅದನ್ನು ನೋಡಿಕೊಂಡೇ ಮುಂದಿನ ಮಾತು ಬರುತ್ತದೆ.)

ಹೀಗೆ ಚಪ್ಪಟೆ ಮಾಡಿದಾಗ ನೆರಳು ತಾನಾಗಿ ಬರುವುದಿಲ್ಲ. ಅದಕ್ಕೊಂದು ಉಪಾಯ. ಲಾಟೀನು ಇರುವ ಜಾಗದಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟು ಅಲ್ಲಿಂದ ಒಂದು ಚಿತ್ರ ತೆಗೆಯುತ್ತಾರೆ. ಲಾಟೀನಿಗೆ ಯಾವುದು ಕಾಣುವುದಿಲ್ಲವೋ ಅದು ನೆರಳಿನಲ್ಲಿದೆ. ಎಷ್ಟು ಸರಳ ನೋಡಿ! ಕೆರೆಯ ಪ್ರತಿಬಿಂಬ ಬೇಕಾ? ಪರದೆಯ ಮೇಲೆ ಈಗಾಗಲೇ ಮೂಡಿರುವ ಬೆಟ್ಟವನ್ನೇ ತಲೆಕೆಳಗು ಮಾಡಿ ನೀರಿಗೆ ಅಂಟಿಸುವುದು. ಕ್ಯಾಮೆರಾ ಕೆಳಗೆ ಬಗ್ಗಿ ಬೆಟ್ಟ ಚೌಕಟ್ಟಿನಿಂದ ಆಚೆ ಹೋದರೆ, ನೀರಿನಲ್ಲಿದ್ದ ಬೆಟ್ಟವೂ ಮಾಯ. ಆಟಗಾರನಿಗೆ ಅದು ಕಾಣುವುದಿಲ್ಲ, ಅವನ ತಲೆ ಶತ್ರುವಿನ ಮೇಲಿರುತ್ತದೆ. ಥಿಯೇಟರಿನ ಪರದೆಯಲ್ಲಿ ಮಾತ್ರ ಎದ್ದು ಕಾಣುತ್ತದೆ.

ಗೋಡೆಯಿಂದ ಚಿಮ್ಮಿ ಬರುವ ಬೆಳಕಿಗೆ ದರ್ಶಿನಿಯ ಉಪಾಯ. ಚೀಟಿ ಕೊಟ್ಟ ಎರಡೇ ನಿಮಿಷಕ್ಕೆ ಮಸಾಲೆ ದೋಸೆ ಕೈಗೆ ಬರುತ್ತದೆ ಅಂದರೆ ಹಿಟ್ಟು ರುಬ್ಬಿದ್ದು ನಿನ್ನೆ, ಪಲ್ಯ ಮಾಡಿದ್ದು ಬೆಳಿಗ್ಗೆ. ಎಂಜಿನ್‌ನಲ್ಲೂ ಬೆಳಕನ್ನು ಮೊದಲೇ ಗಂಟೆಗಟ್ಟಲೆ ಲೆಕ್ಕ ಹಾಕಿ ಗೋಡೆಗೆ ಬಣ್ಣದ ಹಾಗೆ ಬಳಿದಿಡುತ್ತಿದ್ದರು. ಬೇಕ್ ಮಾಡುವುದು ಅಂತಾರೆ. ಗೋಡೆಯೂ ದೀಪವೂ ಅಲುಗಾಡದಿದ್ದರೆ ಇದು ಬಲು ಚೆಂದ. ಅಜ್ಜಿ ಲಾಟೀನು ಹಿಡಿದು ನಡೆದರೆ ಮುಗೀತು, ನಿನ್ನೆಯ ಹಿಟ್ಟು ಕೆಲಸಕ್ಕೆ ಬರಲ್ಲ.

ಆಟದಿಂದ ಸಿನಿಮಾಕ್ಕೆ

ಆಟದ ಎಂಜಿನ್‌ನಲ್ಲಿ ಕಥೆ ಹೇಳಬಹುದು ಅಂತ ಮೊದಲು ಕಂಡುಕೊಂಡದ್ದು ಸ್ಟುಡಿಯೋಗಳಲ್ಲ, ಆಟಗಾರರು. 1996ರಲ್ಲಿ 'ಕ್ವೇಕ್' ಆಡುತ್ತಿದ್ದ ರೇಂಜರ್ಸ್ ಎಂಬ ಗುಂಪು, ಆಟದೊಳಗೇ ನಟಿಸಿ ಎರಡು ನಿಮಿಷವೂ ಇಲ್ಲದ ಒಂದು ಕಿರುಚಿತ್ರ ಮಾಡಿತು. ಸ್ವಾರಸ್ಯ ಏನೆಂದರೆ ಅದು ವಿಡಿಯೋ ಆಗಿರಲಿಲ್ಲ. ಯಾರು ಯಾವಾಗ ಎತ್ತ ನಡೆದರು ಅನ್ನುವ ದಾಖಲೆಯ ಫೈಲ್ ಅಷ್ಟೇ. ನೋಡಬೇಕೆಂದರೆ ನಿಮ್ಮ ಕಂಪ್ಯೂಟರ್‌ನಲ್ಲೂ ಕ್ವೇಕ್ ಇರಬೇಕು. ನಿಮ್ಮ ಮನೆಯಲ್ಲೇ ಆ ಚಿತ್ರ ಹೊಸದಾಗಿ ಮೂಡುತ್ತಿತ್ತು. ಈ ಬಗೆಗೆ ಆಮೇಲೆ ಮಷಿನಿಮಾ ಅಂತ ಹೆಸರಾಯಿತು.

ದೊಡ್ಡ ಪರದೆಗೆ ಒಪ್ಪುವ ಗುಣಮಟ್ಟ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 2018ರಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಕಾರ್ಡ್‌ಗಳು ಬಂದವು. ಕಿರಣದ ಲೆಕ್ಕಕ್ಕೆಂದೇ ಬೇರೆ ಭಾಗ ಇಟ್ಟ ಕಾರ್ಡ್‌ಗಳಿವು. ಅದೇ ವರ್ಷದ ಮಾರ್ಚ್‌ನಲ್ಲಿ ಎಪಿಕ್, ಎನ್ವಿಡಿಯಾ ಮತ್ತು 'ಸ್ಟಾರ್ ವಾರ್ಸ್' ಮಾಡುವ ಲೂಕಾಸ್‌ಫಿಲ್ಮ್‌ನ ಐಎಲ್‌ಎಂ ಎಕ್ಸ್‌ಲ್ಯಾಬ್ ಸೇರಿ ಹೊಳೆಯುವ ಕವಚ ತೊಟ್ಟ ಸೈನಿಕರ ಒಂದು ದೃಶ್ಯವನ್ನು ರಿಯಲ್ ಟೈಮ್‌ನಲ್ಲಿ ತೋರಿಸಿದವು. ಅದಕ್ಕೆ ನಾಲ್ಕು ಭಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಯಿತು, ಓಡಿದ್ದು ಸೆಕೆಂಡಿಗೆ 24 ಫ್ರೇಮ್. ಆಟಕ್ಕೆ ಅದು ಕಡಿಮೆ. ಸಿನಿಮಾಕ್ಕೆ ಸರಿಯಾದ ಅಳತೆ!

2022ರ ಏಪ್ರಿಲ್‌ನಲ್ಲಿ ಅನ್‌ರಿಯಲ್ ಎಂಜಿನ್ 5 ಬಂತು. ಅದರಲ್ಲಿ ಎರಡು ವಿಷಯ ನಮ್ಮಂಥವರಿಗೆ ಮುಖ್ಯ.

ಒಂದು ನ್ಯಾನೈಟ್. ಮೊದಲೆಲ್ಲ ಗೇಮ್‌ಗೆ ಒಂದು ವಿಗ್ರಹ ಬೇಕೆಂದರೆ ಅದರ ತ್ರಿಕೋನಗಳನ್ನು ಕೈಯಾರೆ ಕಡಿಮೆ ಮಾಡಬೇಕಿತ್ತು. ಹತ್ತಿರಕ್ಕೆ ಒಂದು, ದೂರಕ್ಕೆ ಇನ್ನೊಂದು, ತೀರಾ ದೂರಕ್ಕೆ ಮತ್ತೊಂದು ಅಂತ ಮೂರು ನಾಲ್ಕು ರೂಪ. ಎಂಜಿನ್ ಒಂದರಿಂದ ಇನ್ನೊಂದಕ್ಕೆ ಹಾರುವಾಗ ವಿಗ್ರಹ ಜರ್ ಅಂತ ಬದಲಾಗುವುದು ಕಣ್ಣಿಗೆ ಹೊಡೆಯುತ್ತಿತ್ತು. 2020ರಲ್ಲಿ ಎಪಿಕ್ ತೋರಿಸಿದ ಡೆಮೊದಲ್ಲಿ ಒಂದೇ ವಿಗ್ರಹಕ್ಕೆ 3.3 ಕೋಟಿ ತ್ರಿಕೋನ ಇದ್ದವು. ಅಂಥವು ಒಂದು ಕೋಣೆ ತುಂಬ ನಿಂತಿದ್ದವು. ಗುಟ್ಟು ಇಷ್ಟೇ. 4ಕೆ ಪರದೆಯಲ್ಲೇ ಇರುವುದು ಸುಮಾರು 83 ಲಕ್ಷ ಚುಕ್ಕಿ. ಅದಕ್ಕಿಂತ ಜಾಸ್ತಿ ತ್ರಿಕೋನ ಬರೆದು ಏನು ಲಾಭ? ನ್ಯಾನೈಟ್ ವಿಗ್ರಹವನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದಿಟ್ಟುಕೊಂಡು, ಈ ಕ್ಷಣದಲ್ಲಿ ಈ ಕ್ಯಾಮೆರಾಕ್ಕೆ ಕಾಣುವಷ್ಟು ವಿವರವನ್ನು ಮಾತ್ರ ಎತ್ತಿಕೊಳ್ಳುತ್ತದೆ.

ಇನ್ನೊಂದು ಲ್ಯೂಮೆನ್. ಚಿಮ್ಮುವ ಬೆಳಕನ್ನು ಮೊದಲೇ ಬೇಕ್ ಮಾಡದೆ ಅಲ್ಲೇ ಲೆಕ್ಕ ಹಾಕುವುದು ಇದರ ಕೆಲಸ. ಸೀನಿನ ಒಂದು ಒರಟು ನಕಲು ಇಟ್ಟುಕೊಂಡು, ಅದರಲ್ಲಿ ಕೆಲವೇ ಕಿರಣ ಬಿಟ್ಟು, ಸಿಕ್ಕಿದ್ದನ್ನು ಹಿಂದಿನ ಫ್ರೇಮುಗಳ ಉತ್ತರದ ಜೊತೆ ಬೆರೆಸುತ್ತದೆ. ಹಾಗಾಗಿ ಲಾಟೀನು ನಿಧಾನಕ್ಕೆ ಸರಿದರೆ ಬೆಳಕು ಅಂದವಾಗಿ ಹಿಂಬಾಲಿಸುತ್ತದೆ. ತಟ್ಟನೆ ದೀಪ ಆರಿಸಿದರೆ ಗೋಡೆಯ ಮೇಲೆ ಬೆಳಕಿನ ಗುರುತು ಒಂದೆರಡು ಕ್ಷಣ ಉಳಿದುಬಿಡುತ್ತದೆ. ಸುಳ್ಳು ಈಗಲೂ ಇದೆ. ಹಿಡಿಯುವುದು ಕಷ್ಟವಾಗಿದೆ, ಅಷ್ಟೇ.

ಕ್ಯಾಮೆರಾ ಕೈಗೆ ಬಂದಾಗ

2019ರ 'ದಿ ಲಯನ್ ಕಿಂಗ್' ನೋಡಿದವರಿಗೆ ಅದರ ಕ್ಯಾಮೆರಾ ಚಲನೆ ನೆನಪಿರಬಹುದು. ವನ್ಯಜೀವಿ ಸಾಕ್ಷ್ಯಚಿತ್ರದ ಹಾಗೆ ಸ್ವಲ್ಪ ತಡವರಿಸುತ್ತದೆ, ಪ್ರಾಣಿ ಓಡಿದ ಮೇಲೆ ತಿರುಗುತ್ತದೆ. ಅಲ್ಲಿ ಪ್ರಾಣಿಯೂ ಇಲ್ಲ, ಕಾಡೂ ಇಲ್ಲ. ನಿರ್ದೇಶಕ ಜಾನ್ ಫಾವ್ರೋ ಹೇಳಿದ ಪ್ರಕಾರ ಇಡೀ ಸಿನಿಮಾದಲ್ಲಿ ನಿಜವಾಗಿ ಚಿತ್ರೀಕರಿಸಿದ್ದು ಒಂದೇ ಒಂದು ಶಾಟ್. ಉಳಿದ 1,490 ಕಂಪ್ಯೂಟರಿನವು. ಹಾಗಾದರೆ ಆ ತಡವರಿಕೆ ಎಲ್ಲಿಂದ ಬಂತು?

ತಂಡದವರು ಯೂನಿಟಿ ಎಂಜಿನ್‌ನಲ್ಲಿ ಸವನ್ನಾ ಕಟ್ಟಿದ್ದರು. ಛಾಯಾಗ್ರಾಹಕ ಕ್ಯಾಲೆಬ್ ಡೆಶನೆಲ್ ಮತ್ತವರ ತಂಡ ವಿಆರ್ ಕನ್ನಡಕ ಹಾಕಿಕೊಂಡು ಆ ಬಯಲಿನೊಳಗೆ ಓಡಾಡಿ ಜಾಗ ಹುಡುಕುತ್ತಿದ್ದರು. ಖಾಲಿ ಕೋಣೆಯಲ್ಲಿ ನಿಜವಾದ ಟ್ರಾಲಿ, ನಿಜವಾದ ಸ್ಟ್ಯಾಂಡ್. ಅದನ್ನು ತಳ್ಳಿದರೆ ಎಂಜಿನ್‌ನೊಳಗಿನ ಕ್ಯಾಮೆರಾ ಚಲಿಸುತ್ತಿತ್ತು. ಮನುಷ್ಯ ತಳ್ಳಿದ್ದರಿಂದ ಮನುಷ್ಯನ ತಡವರಿಕೆ ಬಂತು. ಮೌಸ್ ಹಿಡಿದು ಇದನ್ನು ಮಾಡುವುದು ಎಷ್ಟು ಕಷ್ಟ ಅಂತ ನನ್ನಂಥವರಿಗೆ ಗೊತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ತೆರೆಗೆ ಬಂದ ಚಿತ್ರಗಳನ್ನು ಮೂಡಿಸಿದ್ದು ಎಂಜಿನ್ ಅಲ್ಲ. ಎಂಜಿನ್‌ನಲ್ಲಿ ನಡೆದದ್ದು 'ಶೂಟಿಂಗ್'. ಆಮೇಲೆ ವಿಷುವಲ್ ಎಫೆಕ್ಟ್ಸ್ ಮಾಡುವ ಎಂಪಿಸಿ ಸಂಸ್ಥೆ, ಅದರ ಬೆಂಗಳೂರು ಶಾಖೆಯವರೂ ಸೇರಿ, ಹಳೆಯ ನಿಧಾನದ ದಾರಿಯಲ್ಲೇ ಕೂದಲು ಕೂದಲಾಗಿ ಸಿಂಹ ಮಾಡಿದರು. ಎಂಜಿನ್ ಬಳಸಿದ ಸಿನಿಮಾ ಅಂದ ಕೂಡಲೇ ಎಲ್ಲವೂ ಅದರಲ್ಲೇ ಆಯಿತು ಅಂತ ಅಂದುಕೊಳ್ಳಬಾರದು.

ಈಗ ಇಂಥ ಕ್ಯಾಮೆರಾಕ್ಕೆ ದೊಡ್ಡ ಕೋಣೆಯೂ ಬೇಕಾಗಿಲ್ಲ. ಒಂದು ಐಪ್ಯಾಡನ್ನು ಎಂಜಿನ್‌ಗೆ ಜೋಡಿಸಿ ಕೈಯಲ್ಲಿ ಹಿಡಿದು ನಡೆದರೆ ಸಾಕು, ಅದರ ಪರದೆಯೇ ಸೀನಿನ ಕಿಟಕಿ. ಮುಖದ ಅಭಿನಯಕ್ಕೂ ಐಫೋನ್ ಸಾಕಾಗುತ್ತದೆ. 2020ರಲ್ಲಿ ಬಂದ ಲೈವ್ ಲಿಂಕ್ ಫೇಸ್ ಎಂಬ ಆ್ಯಪ್ ಹುಬ್ಬು, ತುಟಿ, ದವಡೆಯ ಚಲನೆಯನ್ನು 52 ಅಳತೆಗಳಾಗಿ ಎಂಜಿನ್‌ಗೆ ಕಳಿಸುತ್ತದೆ. ನೀವು ನಕ್ಕರೆ ಅಜ್ಜಿ ನಗುತ್ತಾಳೆ. ಮೊದಲ ಸಲ ನೋಡಿದವರು ಇನ್ನು ಅನಿಮೇಟರೇ ಬೇಡ ಅನ್ನುತ್ತಾರೆ. ಎರಡನೇ ದಿನ ತುಟಿ ಪೂರ್ತಿ ಮುಚ್ಚುತ್ತಿಲ್ಲ, ಕಣ್ಣು ಎಲ್ಲೋ ನೋಡುತ್ತಿದೆ ಅಂತ ಅನಿಮೇಟರನ್ನೇ ಕರೆಯುತ್ತಾರೆ.

ಸಾಲು ಮುರಿದ ಮೇಲೆ

ಹಳೆಯ ಪದ್ಧತಿ ಸಾಲಾಗಿ ನಿಂತು ಇಟ್ಟಿಗೆ ದಾಟಿಸಿದ ಹಾಗೆ. ಸ್ಟೋರಿಬೋರ್ಡಿನವರು ಲೇಔಟ್‌ಗೆ, ಲೇಔಟ್‌ನವರು ಅನಿಮೇಷನ್‌ಗೆ, ಅವರು ಲೈಟಿಂಗ್‌ಗೆ, ಅಲ್ಲಿಂದ ರೆಂಡರ್, ಆಮೇಲೆ ಕಂಪೋಸಿಟಿಂಗ್, ಅಂದರೆ ಬೇರೆ ಬೇರೆ ಪದರಗಳನ್ನು ಒಂದೇ ಚಿತ್ರವಾಗಿ ಜೋಡಿಸುವುದು. ನಮ್ಮ ಕೈಗೆ ಬಂದಾಗ ಹಿಂದಿನವರ ಕೆಲಸ ಮುಗಿದಿರುತ್ತದೆ. ಹಿಂದಕ್ಕೆ ಕಳಿಸಿದರೆ ಎಲ್ಲರ ಮುಖವೂ ಗಂಟು.

ಎಂಜಿನ್‌ನಲ್ಲಿ ಎಲ್ಲರೂ ಒಂದೇ ಸೀನಿನೊಳಗೆ ಇರುತ್ತಾರೆ. ಅಜ್ಜಿ ಇನ್ನೂ ಸರಿಯಾಗಿ ನಡೆಯಲು ಕಲಿತಿರುವುದಿಲ್ಲ, ಅಷ್ಟರಲ್ಲೇ ಲಾಟೀನಿನ ಬೆಳಕು ಬಿದ್ದಿರುತ್ತದೆ. ಅನ್‌ರಿಯಲ್‌ನಲ್ಲಿ ಸೀಕ್ವೆನ್ಸರ್ ಅನ್ನುವ ಒಂದು ಭಾಗವಿದೆ, ನೋಡಲು ಎಡಿಟಿಂಗ್ ಪಟ್ಟಿಯ ಹಾಗೆ. ಆದರೆ ಅದರಲ್ಲಿ ಇರುವುದು ಮುಗಿದ ವಿಡಿಯೋ ತುಂಡುಗಳಲ್ಲ, ಜೀವಂತ ಶಾಟ್‌ಗಳು. ಎಡಿಟರ್‌ಗೆ ಶಾಟಿನ ಮುಂದೆ ಅರ್ಧ ಸೆಕೆಂಡ್ ಜಾಸ್ತಿ ಬೇಕೆನಿಸಿದರೆ ಎಳೆದುಕೊಳ್ಳಬಹುದು. ಹಿಂದೆಲ್ಲ ಆ 12 ಫ್ರೇಮಿಗಾಗಿ ನಾಲ್ಕು ವಿಭಾಗಕ್ಕೆ ಮೇಲ್ ಹೋಗುತ್ತಿತ್ತು.

ಇದರ ಕಷ್ಟಗಳೂ ಬೇರೆಯೇ. ಒಂದೇ ಫೈಲನ್ನು ಇಬ್ಬರು ತಿದ್ದಿದರೆ ಒಬ್ಬರ ಕೆಲಸ ಹೋಯಿತು. ಅದಕ್ಕೇ ಪರ್ಫೋರ್ಸ್‌ನಂಥ ವ್ಯವಸ್ಥೆ ಇಟ್ಟು, ಯಾರು ಏನು ತೆಗೆದುಕೊಂಡಿದ್ದಾರೆ ಅಂತ ಬೀಗ ಹಾಕಿಕೊಂಡು ನಡೆಯಬೇಕು. ಇನ್ನೊಂದು ಮನುಷ್ಯರ ಕಷ್ಟ. ಬದಲಿಸುವುದು ಸುಲಭ ಅಂದ ಮೇಲೆ ಬದಲಿಸುತ್ತಲೇ ಇರುತ್ತಾರೆ. ಒಂದು ಮಧ್ಯಾಹ್ನ ಸೂರ್ಯನನ್ನು ನಲವತ್ತು ಕಡೆ ಇಟ್ಟು ನೋಡಿ, ಕೊನೆಗೆ "ಮೊದಲಿನದೇ ಇರ್ಲಿ" ಅಂದ ಡೈರೆಕ್ಟರ್‌ಗಳನ್ನು ನಾನು ನೋಡಿದ್ದೇನೆ. ರೆಂಡರ್‌ಗೆ ಹಾಕಿ ಕಾಯುವ ಕಾಲದಲ್ಲಿ ಯೋಚಿಸಿ ಮಾತಾಡುತ್ತಿದ್ದರು ಅಂತ ಆಗ ಅನಿಸಿದ್ದು ನಿಜ.

ಗೇಮ್‌ನ ಸ್ವಭಾವವೂ ಕೆಲವು ಕಡೆ ಅಡ್ಡ ಬರುತ್ತದೆ. ಆಟದಲ್ಲಿ ಬಾವುಟ ಪ್ರತಿ ಸಲ ಬೇರೆ ಥರ ಹಾರಾಡಿದರೆ ಅದು ಚೆಂದ. ಸಿನಿಮಾದಲ್ಲಿ ಅಜ್ಜಿಯ ಸೆರಗು ಇವತ್ತು ಹೀಗೆ, ನಾಳೆ ಹಾಗೆ ಹಾರಿದರೆ ಎಡಿಟ್ ಕೆಡುತ್ತದೆ. ಹಾಗಾಗಿ ಬಟ್ಟೆ, ಕೂದಲು, ನೀರಿನ ಚಲನೆಯನ್ನು ಬೇರೆ ತಂತ್ರಾಂಶದಲ್ಲಿ ಮಾಡಿ, ಗಟ್ಟಿಯಾಗಿ ಉಳಿಸಿ, ಎಂಜಿನ್‌ಗೆ ತಂದುಕೊಳ್ಳುವವರೇ ಹೆಚ್ಚು. ಗ್ರಾಫಿಕ್ಸ್ ಕಾರ್ಡಿನ ನೆನಪಿಗೂ ಮಿತಿ ಇದೆ. ಮನೆಯಲ್ಲಿಡುವ ಒಳ್ಳೆಯ ಕಾರ್ಡ್ ಅಂದರೂ 24 ಇಲ್ಲವೇ 32 ಜಿಬಿ. ಸೀನ್ ಅದನ್ನು ಮೀರಿದರೆ ಎಂಜಿನ್ ತೆವಳುತ್ತದೆ, ಇಲ್ಲವೇ ಸುಮ್ನೆ ಮುಚ್ಚಿಕೊಂಡು ಹೋಗುತ್ತದೆ. ಸೇವ್ ಮಾಡದೆ ಇದ್ದವರ ಗತಿ ಕೇಳಬೇಡಿ.

ಕೊನೆಯ ಚಿತ್ರ ರಿಯಲ್ ಟೈಮ್ ಅಲ್ಲ

ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಕೆಲಸ ಮಾಡುವಾಗ ಎಲ್ಲವೂ ಆಗಿಂದಾಗ ಕಾಣುತ್ತದೆ. ಥಿಯೇಟರಿಗೆ ಹೋಗುವ ಕೊನೆಯ ಚಿತ್ರವನ್ನು ಮಾತ್ರ ಹಾಗೆ ತೆಗೆಯುವುದಿಲ್ಲ. ಅನ್‌ರಿಯಲ್‌ನಲ್ಲಿ ಅದಕ್ಕೆ ಮೂವಿ ರೆಂಡರ್ ಕ್ಯೂ ಇದೆ. ಅದು ಒಂದು ಫ್ರೇಮಿನ ಪುಟ್ಟ ಅವಧಿಯನ್ನೇ 32 ಅಥವಾ 64 ಚೂರು ಮಾಡಿ, ಪ್ರತಿ ಚೂರಿಗೂ ಒಂದು ಚಿತ್ರ ತೆಗೆದು, ಎಲ್ಲವನ್ನೂ ಬೆರೆಸುತ್ತದೆ. ಬೀಸುವ ಕೈ ನಿಜವಾದ ಕ್ಯಾಮೆರಾದಲ್ಲಿ ಕಂಡ ಹಾಗೆ ಮೆತ್ತಗೆ ಮಸುಕಾಗುತ್ತದೆ, ಅಂಚುಗಳು ನಯವಾಗುತ್ತವೆ. ಬೇಕಿದ್ದರೆ ಅದೇ ಎಂಜಿನ್‌ನಲ್ಲಿ ಪಾತ್ ಟ್ರೇಸರ್ ಕೂಡ ಹಾಕಬಹುದು. ಆಗ ಒಂದು ಫ್ರೇಮಿಗೆ ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳು. ಗಂಟೆಗಳಂತೂ ಅಲ್ಲ.

ಈ ದಾರಿ ಹಿಡಿದವರಿಗೆ ಮಾನ್ಯತೆಯೂ ಸಿಕ್ಕಿತು. ಹಿಂದೆ ಪಿಕ್ಸಾರ್‌ನಲ್ಲಿದ್ದ ಡೇವ್ ಮಲ್ಲಿನ್ಸ್ ನಿರ್ದೇಶಿಸಿದ 'ವಾರ್ ಈಸ್ ಓವರ್!' 2024ರಲ್ಲಿ ಕಿರು ಅನಿಮೇಷನ್ ವಿಭಾಗದ ಆಸ್ಕರ್ ಪಡೆಯಿತು. ಯುದ್ಧಭೂಮಿಯ ಎರಡು ಕಡೆಯ ಇಬ್ಬರು ಸೈನಿಕರು ಪಾರಿವಾಳದ ಕಾಲಿಗೆ ಚೀಟಿ ಕಟ್ಟಿ ಚೆಸ್ ಆಡುವ ಕಥೆ. ನ್ಯೂಜಿಲೆಂಡಿನ ವೇಟಾ ಎಫ್‌ಎಕ್ಸ್ ಅದನ್ನು ಅನ್‌ರಿಯಲ್ ಎಂಜಿನ್ ಬಳಸಿ ಮಾಡಿತು.

ನನಗೆ ಅದಕ್ಕಿಂತ ಹತ್ತಿರವಾದದ್ದು ಮುಂದಿನ ವರ್ಷದ್ದು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ 'ಫ್ಲೋ'. ಪ್ರವಾಹದಲ್ಲಿ ದೋಣಿ ಹತ್ತಿದ ಒಂದು ಬೆಕ್ಕು, ಜೊತೆಗೆ ಬೇರೆ ಪ್ರಾಣಿಗಳು, ಒಂದೂ ಮಾತಿಲ್ಲ. ಖರ್ಚು ಸುಮಾರು 35 ಲಕ್ಷ ಯೂರೋ. 2025ರ ಮಾರ್ಚ್‌ನಲ್ಲಿ ಅದು ಹಾಲಿವುಡ್‌ನ ದೊಡ್ಡ ದೊಡ್ಡ ಸಿನಿಮಾಗಳನ್ನು ಹಿಂದಿಕ್ಕಿ ಆಸ್ಕರ್ ಗೆದ್ದಿತು. ಇದನ್ನು ಮಾಡಿದ್ದು ಗೇಮ್ ಎಂಜಿನ್‌ನಲ್ಲಿ ಅಲ್ಲ, ಉಚಿತವಾಗಿ ಸಿಗುವ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ. ಆದರೆ ಚಿತ್ರ ಮೂಡಿಸಿದ್ದು ಅದರೊಳಗಿನ ಈವೀ ಎಂಬ ಭಾಗ. ಈವೀ ಕೆಲಸ ಮಾಡುವುದು ಗೇಮ್ ಎಂಜಿನ್‌ನ ಹಾಗೆಯೇ, ರಾಸ್ಟರೈಸೇಷನ್ ನಂಬಿಕೊಂಡು. ಒಂದು ತಮಾಷೆ: ಬ್ಲೆಂಡರ್‌ಗೆ ಮೊದಲು ತನ್ನದೇ ಗೇಮ್ ಎಂಜಿನ್ ಇತ್ತು. 2019ರ 2.80 ಆವೃತ್ತಿಯಲ್ಲಿ ಅದನ್ನು ಕಿತ್ತು ಹಾಕಿದರು. ಅದೇ ಆವೃತ್ತಿಯಲ್ಲಿ ಈವೀ ಬಂತು.

ಜಿಲ್ಬಲೋಡಿಸ್ ಬ್ಲೆಂಡರ್‌ಗೆ ಬಂದದ್ದೇ ಈವೀಗಾಗಿ. ಅವರು ಸ್ಟೋರಿಬೋರ್ಡ್ ಬರೆಯಲಿಲ್ಲ. ಜಾಗ ಕಟ್ಟಿ, ಬೆಕ್ಕನ್ನು ಅದರೊಳಗೆ ಬಿಟ್ಟು, ಕ್ಯಾಮೆರಾ ಹಿಡಿದು ಎಲ್ಲಿಂದ ನೋಡಿದರೆ ಚೆನ್ನ ಅಂತ ಹುಡುಕಿದರು. ಆ ಸಿನಿಮಾದ ಉದ್ದುದ್ದ ಶಾಟ್‌ಗಳನ್ನು, ಬೆಕ್ಕಿನ ಹಿಂದೆಯೇ ಓಡುವ ಕ್ಯಾಮೆರಾವನ್ನು ನೋಡಿದರೆ ಇದು ಕಾಗದದ ಮೇಲೆ ಹುಟ್ಟಿದ್ದಲ್ಲ ಅಂತ ಗೊತ್ತಾಗುತ್ತದೆ. 4ಕೆ ಅಳತೆಯಲ್ಲಿ ಒಂದು ಫ್ರೇಮಿಗೆ ಅರ್ಧ ಸೆಕೆಂಡಿನಿಂದ 10 ಸೆಕೆಂಡ್ ಹಿಡಿಯಿತಂತೆ. ಎಲ್ಲಕ್ಕೂ 10 ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. 85 ನಿಮಿಷದ ಸಿನಿಮಾದ 1,22,400 ಫ್ರೇಮಿಗೆ 340 ಗಂಟೆ. ಒಂದೇ ಕಂಪ್ಯೂಟರ್‌ನಲ್ಲಿ ಹೆಚ್ಚುಕಡಿಮೆ ಎರಡು ವಾರ. ನಮ್ಮ ಅಜ್ಜಿಯ 40 ನಿಮಿಷದ ಲೆಕ್ಕದಲ್ಲಿ ಹೋಗಿದ್ದರೆ ಅದೇ ಕಂಪ್ಯೂಟರ್ ಒಂಬತ್ತು ವರ್ಷಕ್ಕಿಂತ ಜಾಸ್ತಿ ಓಡಬೇಕಿತ್ತು.

ಹಾಗಂತ ಫ್ಲೋ ಫೋಟೋದಂತೆ ಕಾಣುವುದಿಲ್ಲ. ಬೆಕ್ಕಿನ ಮೈಮೇಲೆ ಒಂದೊಂದು ಕೂದಲೂ ಎಣಿಸುವಂತಿಲ್ಲ, ಕುಂಚದಲ್ಲಿ ಎಳೆದ ಹಾಗಿದೆ. ಸಲಕರಣೆಗೆ ಏನು ಬರುವುದಿಲ್ಲವೋ ಅದನ್ನು ಕೇಳದೆ, ಬರುವುದರಿಂದಲೇ ಒಂದು ಚೆಲುವನ್ನು ಕಟ್ಟಿದ್ದಾರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್ ಕೈಗೆ ಸಿಕ್ಕ ಕೂಡಲೇ ಒದ್ದೆ ರಸ್ತೆ, ನಿಯಾನ್ ದೀಪ, ಥೇಟ್ ಮನುಷ್ಯನಂಥ ಮುಖ ಮಾಡಲು ಹೊರಡುತ್ತಾರೆ. ಆ ಮುಖಗಳೇ ಮೊದಲು ಸೋಲುವುದು.

ಖರ್ಚಿನ ಮಾತು ಚಿಕ್ಕದು. ಬ್ಲೆಂಡರ್ ಉಚಿತ. ಅನ್‌ರಿಯಲ್ ಕಲಿಯುವವರಿಗೆ, ಸಣ್ಣವರಿಗೆ ಉಚಿತ. ಗೇಮ್ ಅಲ್ಲದ ಕೆಲಸ ಮಾಡುವ, ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯದ ಕಂಪನಿಗಳು 2024ರಿಂದ ಒಬ್ಬ ಬಳಕೆದಾರನಿಗೆ ವರ್ಷಕ್ಕೆ 1,850 ಡಾಲರ್ ಕಟ್ಟಬೇಕು. ನಿಜವಾದ ಖರ್ಚು ಗ್ರಾಫಿಕ್ಸ್ ಕಾರ್ಡ್ ಮತ್ತು ಕಲಿಯಲು ಹೋಗುವ ವರ್ಷಗಳು.

ಬೆಂಗಳೂರಿನ ಮಟ್ಟಿಗೆ ನನಗೊಂದು ಯೋಚನೆ ಇದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ 2012ರಲ್ಲೇ ನೀತಿ ಮಾಡಿತು. ಇಲ್ಲಿ ಬೆಳೆದ ಕೆಲಸದಲ್ಲಿ ದೊಡ್ಡ ಪಾಲು ಹೊರದೇಶದ ಸಿನಿಮಾಗಳ ತುಂಡು ಕೆಲಸ. ಲೈಟಿಂಗ್ ಇಲ್ಲಿ, ಕಂಪೋಸಿಟಿಂಗ್ ಅಲ್ಲಿ. ಇಟ್ಟಿಗೆ ದಾಟಿಸುವ ಸಾಲಿನಲ್ಲಿ ಮಧ್ಯದ ಜಾಗ ನಮ್ಮದು. 2025ರ ಫೆಬ್ರುವರಿಯಲ್ಲಿ ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಗುಂಪು ಕುಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಕಲಾವಿದರ ಕೆಲಸ ಒಂದೇ ಏಟಿಗೆ ಹೋಯಿತು. ಅದಕ್ಕೆ ಕಾರಣ ಎಂಜಿನ್ ಅಲ್ಲ, ಹಣಕಾಸು. ಆದರೆ ಎಂಜಿನ್‌ನ ಕೆಲಸ ತುಂಡಾಗಿ ಹಂಚಲು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸೀನ್ ಒಂದೇ ಕಡೆ ಇರಬೇಕು, ತೀರ್ಮಾನ ಮಾಡುವವರು ಅದರ ಪಕ್ಕದಲ್ಲಿರಬೇಕು. ಹಾಗಾಗಿ ನಮ್ಮ ಹುಡುಗರು ಬರೀ ಲೈಟಿಂಗ್ ಅಥವಾ ಬರೀ ರಿಗ್ಗಿಂಗ್ (ಪಾತ್ರದ ಮೈ ಆಡಿಸಲು ಒಳಗೆ ಮೂಳೆ ಜೋಡಿಸುವುದು) ಕಲಿತರೆ ಸಾಲದು. ಶಾಟ್ ಅಂದರೇನು ಅನ್ನುವುದನ್ನೂ ಕಲಿಯಬೇಕಾಗುತ್ತದೆ. ಸಾಲಿನ ಮಧ್ಯದಲ್ಲಿ ನಿಂತವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ತಿಂಗಳು ಮನೆಯಲ್ಲಿ ಕೂತು ಆ ಅಜ್ಜಿಯ ಶಾಟನ್ನು ನೆನಪಿನಿಂದ ಮತ್ತೆ ಕಟ್ಟಿದೆ. ಮೊದಲ ಕೆಲಸವೇ ಲಾಟೀನನ್ನು ಬಲಗೈಗೆ ಕೊಟ್ಟದ್ದು. ಬೆಳಕು ಮುಖಕ್ಕೆ ಬಂತು. ಡೈರೆಕ್ಟರ್ ಹೇಳಿದ್ದು ನಿಜ, ಚೆನ್ನಾಗಿತ್ತು. ಆಮೇಲೆ ಸುಮ್ನೆ ಇರಲಾರದೆ ಅವಳನ್ನು ಜಗಲಿಯಲ್ಲಿ ಒಂದು ಗಳಿಗೆ ನಿಲ್ಲಿಸಿ, ದೀಪ ಸ್ವಲ್ಪ ಮೇಲೆತ್ತಿಸಿ, ಕತ್ತಲೆಯ ಕಡೆ ನೋಡುವ ಹಾಗೆ ಮಾಡಿದೆ. ಐದು ಸೆಕೆಂಡಿದ್ದ ಶಾಟ್ ಎಂಟಾಯಿತು. ಆಗ ಕಣ್ಣಿಗೆ ಬಿತ್ತು, ಗೋಡೆಯ ಮೇಲೆ ನೆರಳಿನ ಅಂಚು ಪಟಪಟ ಮಿನುಗುತ್ತಿದೆ. ಅದೇ ಫ್ಲಿಕ್ಕರ್! ಲ್ಯೂಮೆನ್‌ನ ಗುಣಮಟ್ಟ ಏರಿಸಿ, ಫ್ರೇಮಿಗೆ 64 ಚೂರು ಅಂತ ಇಟ್ಟು ಕೊನೆಯ ರೆಂಡರ್‌ಗೆ ಹಾಕಿದೆ. ಫ್ರೇಮಿಗೆ ಅರ್ಧ ನಿಮಿಷ ತೋರಿಸಿತು. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಬಂದು ನೋಡಿದರೆ 192ರಲ್ಲಿ ಇನ್ನೂ 70 ಬಾಕಿ ಇತ್ತು.